ಕೊಟ್ರವ್ವ ಕೆಡಿಸಿದ ಕುಸ್ತಿ

ಕೊಟ್ರವ್ವನ ಮೇಲೆ ನನಗೆ ಇವತ್ತಿಗೂ ಸಿಟ್ಟು ಐತೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಹೇಳಲಿ. ಅವತ್ತು ಕಣದೊಳಗೆ ಇದ್ದವನು ನಾನು, ಆಕೆ ಅಲ್ಲ. ಮೈಲಪ್ಪನ ಕುತ್ತಿಗೆ ನನ್ನ ಕಂಕುಳಲ್ಲಿ ಸಿಕ್ಕಿತ್ತು. ಅವನ ಎಡಭುಜ ಆಗಲೇ ಮಣ್ಣು ಕಂಡಿತ್ತು. ಬಲಭುಜಕ್ಕೂ ನೆಲಕ್ಕೂ ನಡುವೆ ಒಂದು ರೊಟ್ಟಿ ಹಿಡಿಸುವಷ್ಟು ಜಾಗ ಉಳಿದಿತ್ತು, ಅಷ್ಟೇ. ಒಂದೇ ಒಂದು ರೊಟ್ಟಿ! ಇನ್ನೊಂದು ಉಸಿರು ಕೊಟ್ಟಿದ್ದರೆ ಹರಿಹರದ ಪೈಲ್ವಾನನನ್ನು ಬಾತಿಯ ಕಣದಲ್ಲಿ ಚಿತ್ ಮಾಡಿದವನು ದಾವಣಗೆರೆಯ ಮಾಲತೇಶ ಅಂತ ಜನ ಈಗಲೂ ಹೇಳುತ್ತಿದ್ದರು. ಆ ಉಸಿರನ್ನು ಆ ಹೆಂಗಸು ನನಗೆ ಕೊಡಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಈಗ ನಲವತ್ತು ದಾಟೈತೆ, ಮೊಣಕಾಲು ಎರಡೂ ಕೈಕೊಟ್ಟಾವೆ, ಮಿಲ್ಲಿನ ಹತ್ತಿ ಧೂಳು ಎದೆಯೊಳಗೆ ಕೂತೈತೆ. ಬರೆಯೋ ಕೆಲಸ ನನ್ನದಲ್ಲ. ಆದರೆ ಈಗಿನ ಹುಡುಗರು ಕೊಟ್ರವ್ವನ ಕಥೆ ಹೇಳುವಾಗ ಆಕೆ ಕೈ ಮುಗಿದು, ಕಣ್ಣೀರು ಹಾಕಿ, ಎರಡೂರಿನವರನ್ನು ಒಂದು ಮಾಡಿದಳು ಅಂತಾರೆ. ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಕೊಟ್ರವ್ವ ಕೈ ಮುಗಿಯೋ ಹೆಂಗಸೇ? ಹಂಗಾಗಿ ನಾನೇ ಕೂತು ಬರೆಯುತ್ತಿದ್ದೀನಿ.

ನಮ್ಮ ಮನೆಯ ಗೋಡೆ, ಆಕೆಯ ಮನೆಯ ಗೋಡೆ ಒಂದೇ. ನಾನು ಚಿಗವ್ವ ಅಂತ ಕರೆಯುತ್ತಿದ್ದೆ. ಎತ್ತರದ ಹೆಂಗಸು, ಹಣೆಯಲ್ಲಿ ದೊಡ್ಡ ಹಚ್ಚೆ, ದನಿ ಎತ್ತಿದರೆ ಮಿಲ್ಲಿನ ಸೈರನ್ನು ಯಾಕೆ ಬೇಕು ಅನ್ನಬೇಕು. ಮಿಲ್ಲಿನ ಗೇಟಿನ ಎದುರಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾರುತ್ತಿದ್ದಳು. ಪಾಳಿ ಬಿಟ್ಟಾಗ ನಾವು ಹೊಟ್ಟೆ ಹಸಿದು ಓಡಿ ಬಂದರೆ, "ಸಾಲಾಗಿ ನಿಂದ್ರಿ, ನಿಮ್ಮಪ್ಪನ ಮದುವಿ ಊಟ ಅಲ್ಲ ಇದು" ಅಂತ ಸೌಟು ತೋರಿಸುತ್ತಿದ್ದಳು. ನಾನು ಎರಡನೇ ಸಲ ಕೈ ಚಾಚಿದರೆ, "ಬಾರಪ್ಪ ಪೈಲ್ವಾನ, ತಿನ್ನೋದ್ರಾಗೆ ಮಾತ್ರ ನೀನು ಎಲ್ಲಾರನ್ನೂ ಚಿತ್ ಮಾಡ್ತೀಯ" ಅನ್ನುವಳು. ಬೈಯುತ್ತಲೇ ಎರಡು ಮೆಣಸಿನಕಾಯಿ ಹೆಚ್ಚಿಗೆ ಹಾಕುವಳು.

ಆಕೆಯ ಗಂಡ ದುರುಗಪ್ಪ ನಮ್ಮ ಗರಡಿಯ ಮಣ್ಣು ಹದ ಮಾಡುವವನು. ಗರಡಿ ಮಣ್ಣು ಅಂದರೆ ಬರೀ ಮಣ್ಣಲ್ಲ. ಕೆಮ್ಮಣ್ಣು ತಂದು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ತುಳಿದು ತುಳಿದು ಬೆಣ್ಣೆ ಮಾಡಬೇಕು. ಆಮೇಲೆ ಆಂಜನೇಯನ ಪೂಜೆ. ಪೂಜೆ ಆದಮೇಲೆ ಅದು ದೇವರ ಮಣ್ಣು, ನಾವು ಇಳಿಯುವ ಮೊದಲು ಹಣೆಗೆ ಒತ್ತಿಕೊಂಡೇ ಇಳಿಯಬೇಕು. ನಾನು ಹೊಸದಾಗಿ ಗರಡಿಗೆ ಹೋಗುತ್ತಿದ್ದಾಗ ಪೂಜೆ ತಟ್ಟೆಯಿಂದ ಒಂದು ಬಾಳೆಹಣ್ಣು ಜಾರಿ ಕಣದೊಳಗೆ ಬಿತ್ತು. ನಾನು ಕಾಲಲ್ಲಿ ಪಕ್ಕಕ್ಕೆ ಸರಿಸಲು ಹೋದೆ. ದುರುಗಪ್ಪ ನನ್ನ ಕಿವಿ ಹಿಡಿದು ಎತ್ತಿದ. "ಕಣಕ್ಕೆ ಬಿದ್ದ ಅನ್ನ ಪ್ರಸಾದ ಕಣಲೇ. ತುಳಿಯಂಗಿಲ್ಲ, ಹೊರಗೆ ಒಗೆಯಂಗಿಲ್ಲ, ಮನೀಗೆ ಒಯ್ಯಂಗಿಲ್ಲ. ಕಣದ ಹತ್ರ ಇರೋರೆಲ್ಲ ಇಲ್ಲೇ ತಿಂದು ಮುಗಿಸಬೇಕು" ಅಂದ. ಆ ಒಂದು ಹಣ್ಣನ್ನು ಗರಡಿಯ ಅಷ್ಟೂ ಹುಡುಗರು ಚೂರು ಚೂರು, ಮಣ್ಣಿನ ಸಮೇತ ನುಂಗಿದೆವು. ದುರುಗಪ್ಪ ಸತ್ತಮೇಲೆ ಕೊಟ್ರವ್ವ ಒಬ್ಬಳೇ ದುಡಿದು ಮಗಳು ಅಂಜಿನವ್ವನನ್ನು ಬೆಳೆಸಿ, ಹರಿಹರದ ಮೈಲಪ್ಪನಿಗೆ ಕೊಟ್ಟು ಮದುವೆ ಮಾಡಿದಳು. ಹೌದು, ಅದೇ ಮೈಲಪ್ಪ. ಅವಳ ಅಳಿಯ. ಅಂಜಿನವ್ವ ನನಗೆ ಅಣ್ಣ ಅನ್ನುವವಳು, ಲೆಕ್ಕದಲ್ಲಿ ಅವನು ನನಗೆ ಭಾವ. ಮದುವೆಯಲ್ಲಿ ಅವನ ಕಾಲು ತೊಳೆಯಲು ನೀರು ಹಾಕಿದವನು ನಾನೇ.

ಹಂಗಾದರೆ ಜಗಳ ಎಲ್ಲಿಂದ ಬಂತು? ಅದೂ ಕುಸ್ತಿಯಿಂದಲೇ. ಐವತ್ತೇಳನೇ ಇಸವಿ ಬೇಸಿಗೆಯಲ್ಲಿ ಹರಿಹರದ ಹೊಳೆದಂಡೆಯಲ್ಲಿ ನನಗೂ ಅವನಿಗೂ ಜೋಡಿ ಹಾಕಿದರು. ಅಲ್ಲಿಯ ಪಂಚರು ಮೈಲಪ್ಪನ ಕೈ ಎತ್ತಿ ಗೆದ್ದ ಅಂದರು. ನಮ್ಮ ಹುಡುಗನ ಬೆನ್ನು ಮುಟ್ಟಿಲ್ಲ ಅಂದರು ನಮ್ಮವರು. ಮೊದಲ ಕಲ್ಲು ಯಾರದು ಅಂತ ಮಾತ್ರ ಕೇಳಬ್ಯಾಡ್ರಿ. ತಲೆ ಒಡೆದವು, ಬಂಡಿಗಳು ಮುರಿದವು, ದಾವಣಗೆರೆಯವರು ಎರಡೂರ ನಡುದಾರಿಯ ಬಾತಿಯವರೆಗೂ ಓಡುತ್ತಾ ಬಂದರು. ಓಡುತ್ತಾ ಅಂದೆ ಅಂತ ನಮ್ಮವರು ಬೈಯಬಹುದು. ಬೇಗ ನಡೆದು ಬಂದರು ಅಂತ ಓದಿಕೊಳ್ರಿ.

ನಮ್ಮ ಜನ ಎರಡೂ ಊರಲ್ಲಿದ್ದಾರೆ. ಒಂದೇ ದೇವರು, ಒಂದೇ ಕುಲ, ಕೊಟ್ಟು ತಂದ ಮನೆಗಳು. ಜನಾಂಗದ ಹಿರಿಯರು ಕೂತು ನ್ಯಾಯ ಹೇಳುವ ಕೂಟಕ್ಕೆ ನಾವು ದೈವ ಅಂತೀವಿ. ದಾವಣಗೆರೆಯ ದೈವ ಕೂತು ಕಟ್ಟು ಮಾಡಿತು: ಹರಿಹರದವರ ಮನೆಯಲ್ಲಿ ನೀರು ಕುಡಿದವನಿಗೆ, ಅವರ ಜೊತೆ ಕೂತು ತಿಂದವನಿಗೆ ದಂಡ, ದಂಡ ಕಟ್ಟದವನಿಗೆ ಬೆಂಕಿ ನೀರು ಬಂದ್. ಹರಿಹರದ ದೈವವೂ ಸುಮ್ಮನಿರಲಿಲ್ಲ, ಅದನ್ನೇ ತಿರುಗಿಸಿ ಹೇಳಿತು. ಅತ್ತ ಕೊಟ್ಟ ಹೆಣ್ಣುಮಕ್ಕಳು ಅತ್ತ, ಇತ್ತ ತಂದ ಸೊಸೆಯರು ಇತ್ತ. ಒಂದು ಗಳಿಗೆ ರೈಲಿನ ದಾರಿ, ನಡುವೆ ಸಮುದ್ರ ಬಿದ್ದಂಗೆ ಆಯಿತು.

ಮರುವರ್ಷ ಅಂಜಿನವ್ವ ಅಲ್ಲೇ ಹೆತ್ತಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸಲಿಲ್ಲ, ಕಳಿಸಂಗಿರಲಿಲ್ಲ. ಅತ್ತೆ ಇಲ್ಲದ ಮನೆ, ಬಾಣಂತನ ಬಲ್ಲ ಹಿರಿಯ ಹೆಂಗಸರು ಯಾರೂ ಇಲ್ಲ. ಕೂಸು ವಾರದೊಳಗೇ ಹೋಯಿತು. ಸುದ್ದಿ ತಂದವನು ಮಕ್ತುಮ್ ಸಾಬ್. ಅವನದು ಮಂಡಕ್ಕಿ ಭಟ್ಟಿ, ಕೊಟ್ರವ್ವ ಮಂಡಕ್ಕಿ ತರುತ್ತಿದ್ದದ್ದು ಅವನ ಹತ್ತಿರವೇ. ಭತ್ತ ಕೊಳ್ಳಲು ಅವನು ಹರಿಹರ, ನಂದಿಗುಡಿ ಕಡೆ ತಿರುಗುವನು. ನಮ್ಮ ದೈವದ ದಂಡ ಅವನಿಗೆ ಹತ್ತುತ್ತಿರಲಿಲ್ಲವಲ್ಲ, ಹಂಗಾಗಿ ತಾಯಿ ಮಗಳ ನಡುವೆ ಮಾತು ಒಯ್ದು ತರುವವನು ಅವನೊಬ್ಬನೇ. ಕೊಟ್ರವ್ವ ಬಾಣಲೆಯನ್ನು ಒಲೆಯ ಮೇಲೆಯೇ ಬಿಟ್ಟು ಹರಿಹರಕ್ಕೆ ಹೋದಳು. ಬೀಗರು ತಮ್ಮ ದೈವಕ್ಕೆ ಹೆದರಿ ಬಾಗಿಲು ತೆಗೆಯಲಿಲ್ಲ. ಹೊಸ್ತಿಲ ಹೊರಗೆ ನಿಂತು ಮಗಳ ಅಳು ಕೇಳಿ ವಾಪಸ್ ಬಂದಳು. ಒಂದು ಗುಟುಕು ನೀರು ಕುಡಿದಿರಲಿಲ್ಲ, ಅದಕ್ಕೇ ನಮ್ಮ ದೈವದ ಯಜಮಾನರು ದೊಡ್ಡ ಮನಸ್ಸು ಮಾಡಿ ದಂಡ ಹಾಕಲಿಲ್ಲ!

ಐವತ್ತೊಂಬತ್ತರಲ್ಲಿ ಮಕ್ತುಮ್ ಸಾಬ್ ಮತ್ತೆ ಮಾತು ತಂದ. ಮಂಡಕ್ಕಿ ಅಳೆಯುತ್ತಾ ಮೆಲ್ಲಗೆ ಹೇಳಿದ: "ಕೊಟ್ರವ್ವಾ, ನಿನ್ನ ಬೇಟಿಗೆ ಏಳು ತಿಂಗಳು ತುಂಬ್ತಾ ಬಂತು. 'ನಮ್ಮವ್ವ ಬಂದು ಕರಕೊಂಡು ಹೋಗದಿದ್ರೆ ಇದೂ ಉಳಿಯಂಗಿಲ್ಲ ಮಾಮಾ' ಅಂತ ಅಂದ್ಲು. ಮುಖ ನೋಡಕ್ಕೆ ಆಗ್ಲಿಲ್ಲ ನನಗೆ."

ಕೊಟ್ರವ್ವ ಅವತ್ತೇ ನಮ್ಮ ಯಜಮಾನ ಮಲ್ಲೇಶಪ್ಪನ ಜಗುಲಿಗೆ ಹೋದಳು. ನಾನು ಅಲ್ಲೇ ಇದ್ದೆ, ಯಾಕಂದರೆ ಅಲ್ಲಿ ನನ್ನ ಕುಸ್ತಿಯದೇ ಮಾತು ನಡೆದಿತ್ತು. ಬಾತಿಯವರು ನಡುವೆ ಬಿದ್ದು, ನಮ್ಮೂರ ಕಣದಾಗೆ ಇನ್ನೊಂದು ಸಲ ಹಿಡಿಸಿ ಇತ್ಯರ್ಥ ಮಾಡ್ತೀವಿ ಅಂದಿದ್ದರು.

"ಯಜಮಾನ್ರೇ, ನನ್ನ ಮಗಳನ್ನ ಹೆರಿಗಿಗೆ ಕರಕೊಂಡು ಬರ್ತೀನಿ" ಅಂದಳು.

"ಕುಸ್ತಿ ಆಗ್ಲಿ ತಡಿಯವ್ವ. ನಮ್ಮ ಹುಡುಗ ಗೆದ್ದ ಅಂದ್ರೆ ಅವರೇ ತಲಿ ಬಗ್ಗಿಸಿ ಕಳಿಸ್ತಾರೆ."

"ಹೊಟ್ಟಿಯಾಗಿರೋ ಕೂಸು ನಿಮ್ಮ ಕುಸ್ತಿ ನೋಡಿಕ್ಯಂಡು ಕುಂದ್ರುತ್ತೇನ್ರಿ?"

"ದೈವದ ಕಟ್ಟು ನಿನ್ನೊಬ್ಬಳ ಸಲುವಾಗಿ ಮುರಿಯಕ್ಕೆ ಆಗಲ್ಲ. ಹೋಗು."

ಆಕೆ ಮನೆಯ ದಾರಿಯಲ್ಲಿ ನನ್ನನ್ನು ನಿಲ್ಲಿಸಿದಳು. ನಾನು ಮೀಸೆ ತಿರುವಿ, "ಚಿಂತಿ ಮಾಡಬ್ಯಾಡ ಚಿಗವ್ವ, ನಿನ್ನ ಅಳಿಯನ್ನ ಎತ್ತಿ ಒಗೀತೀನಿ, ನಿನ್ನ ಮಗಳು ಮರುದಿನ ಇಲ್ಲಿರ್ತಾಳೆ" ಅಂದೆ.

"ಹೌದೇನಪ್ಪ? ಎರಡೂರ ಎದುರಿಗೆ ಮಣ್ಣು ಮುಕ್ಕಿದ ಗಂಡಸು ಹೆಂಡ್ತೀನ ಗೆದ್ದೋನ ಓಣಿಗೆ ಕಳಿಸ್ತಾನಾ? ನೀನಾಗಿದ್ರೆ ಕಳಿಸ್ತಿದ್ಯಾ?"

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ನಾನು ಸೋಲ್ಲೇನು?" ಅಂತ ಕೂಗಿದೆ.

"ನೀನು ಸೋತ್ರೆ ಈ ಮಲ್ಲೇಶಪ್ಪ ಹರಿಹರದ ಹೆಸರು ಹೇಳೋರ ನಾಲಿಗಿ ಕೀಳ್ತಾನೆ. ನೀನು ಗೆದ್ರೂ ನನ್ನ ಮಗಳು ಬರಲ್ಲ, ಸೋತ್ರೂ ಬರಲ್ಲ" ಅಂದು ಸೆರಗು ಕೊಡವಿ ಹೋದಳು. ನಾನು ಬೈಕೊಂಡು ಗರಡಿಗೆ ಹೋಗಿ ಬಸ್ಕಿ ಹೊಡೆದೆ.

ಬಾತಿ ಗುಡ್ಡದ ಬುಡದಲ್ಲಿ ಅವತ್ತು ಸೇರಿದ ಜನವನ್ನು ನೆನೆಸಿಕೊಂಡರೆ ಈಗಲೂ ನನ್ನ ತೊಡೆ ತಾನಾಗೇ ಬಿಗಿಯುತ್ತದೆ. ಬಂಡಿಗಳು, ಸೈಕಲ್ಲುಗಳು, ಮರಗಳ ಮೇಲೆ ಜನ, ಗುಡಿಯ ಮಾಳಿಗೆಯ ಮೇಲೆ ಜನ. ಈ ಕಡೆ ದಾವಣಗೆರೆ, ಆ ಕಡೆ ಹರಿಹರ, ನಡುವೆ ಬಾತಿಯವರು ಹಗ್ಗ ಹಿಡಿದು ನಿಂತಿದ್ದರು. ಕೊಂಡಜ್ಜಿಯಿಂದ ಪಂಚರನ್ನು ಕರೆಸಿದ್ದರು. ಅವರಿಗೆ ಹಿರಿಯರು ಅಜ್ಜಯ್ಯ ಅಂತ, ಕಿವಿ ಮಂದ, ಕಣ್ಣು ಹದ್ದು. ಹಲಗೆ ಶುರುವಾಯಿತು ನೋಡ್ರಿ! ಎದೆಯೊಳಗೇ ಬಡಿದಂಗೆ. ಕೊಟ್ರವ್ವ ತಲೆಯ ಮೇಲೆ ಮಂಡಕ್ಕಿಯ ದೊಡ್ಡ ಚೀಲ ಹೊತ್ತು ಜನರ ನಡುವೆ ನುಗ್ಗುತ್ತಿದ್ದದ್ದು ಕಂಡಿತು. ಇಷ್ಟು ಜನ ಸೇರಿದ ಕಡೆ ವ್ಯಾಪಾರಕ್ಕೆ ಬಂದಾಳೆ ಅಂದುಕೊಂಡೆ.

ನಾನು, ಮೈಲಪ್ಪ ಮಣ್ಣು ಹಣೆಗೆ ಒತ್ತಿಕೊಂಡೆವು. ಕೈ ಕೂಡಿಸಿದೆವು. ಅವನು ಕಿವಿಯಲ್ಲಿ, "ಏನಪ್ಪ ಭಾವಮೈದ, ಈ ಸಲನೂ ಬಾತಿವರೆಗೆ ಓಡ್ತೀಯೋ? ಈಗ ಬಾತಿಯಾಗೇ ಅದೀಯ, ಮುಂದೆ ಎಲ್ಲಿಗೆ ಓಡ್ತೀಯ?" ಅಂದ. ನನ್ನ ಮೈಗೆ ಬೆಂಕಿ ಬಿತ್ತು.

ನುಗ್ಗಿದೆ. ಅವನು ಜಾರಿದ. ಮತ್ತೆ ನುಗ್ಗಿದೆ, ಅವನು ನನ್ನ ಸೊಂಟ ಹಿಡಿದು ಎತ್ತಿದ, ಗಾಳಿಯಲ್ಲಿ ತಿರುಗಿ ಬೆಕ್ಕಿನಂಗೆ ಕಾಲ ಮೇಲೇ ಬಿದ್ದೆ. ಹರಿಹರದವರು ಹೋ ಅಂದದ್ದು ಬಾಯಲ್ಲೇ ನಿಂತಿತು. ನಮ್ಮವರು ರುಮಾಲು ಹಾರಿಸಿದರು. ಅವನ ಬೆವರು ನನ್ನ ಕಣ್ಣಿಗೆ, ನನ್ನ ಬೆವರು ಅವನ ಬಾಯಿಗೆ. ಎಷ್ಟು ಹೊತ್ತು ಹಿಡಿದೆವೋ ಗೊತ್ತಿಲ್ಲ, ಹಲಗೆಯವರು ಕೈ ಬದಲಿಸಿ ಬದಲಿಸಿ ಬಡಿದರು. ಕಡೆಗೆ ಅವನು ನನ್ನ ಕಾಲಿಗೆ ಕೈ ಹಾಕಲು ಬಗ್ಗಿದ. ಬಗ್ಗಿದ್ದೇ ತಪ್ಪು. ಕುತ್ತಿಗೆಗೆ ಕೈ ಹಾಕಿ ತಿರುವಿ ಕೆಡವಿದೆ. ಎಡಭುಜ ಮಣ್ಣಿಗೆ ಕೂತಿತು. ಅಜ್ಜಯ್ಯ ನೆಲಕ್ಕೆ ಕೆನ್ನೆ ಹಚ್ಚಿ ಬಲಭುಜ ನೋಡುತ್ತಿದ್ದ. ಒತ್ತಿದೆ. ಒತ್ತಿದೆ. ಒಂದು ರೊಟ್ಟಿಯಷ್ಟು...

ಆಕಾಶ ಬೆಳ್ಳಗಾಯಿತು.

ತಲೆಯ ಮೇಲೆ, ಕಣ್ಣ ಮೇಲೆ, ಬೆನ್ನ ಮೇಲೆ ಏನೋ ಹಗೂರಕ್ಕೆ ಸುರಿಯಿತು. ನಾನು ಕಣ್ಣು ಒರೆಸಿ ನೋಡಿದರೆ ಮಂಡಕ್ಕಿ! ಕೊಟ್ರವ್ವ ಹಗ್ಗದೊಳಗೆ ನಿಂತು, ಚೀಲದ ಎರಡು ಮೂಲೆ ಹಿಡಿದು, ಒಕ್ಕಲು ಮಾಡಿದ ರಾಶಿ ತೂರುವ ಹಾಗೆ ಕಣದ ಸುತ್ತ ಬೀಸಿ ಬೀಸಿ ಸುರಿಯುತ್ತಿದ್ದಳು. ಕೆಂಪು ಕಣ ಅಷ್ಟೂ ಮಲ್ಲಿಗೆ ಹಾಸಿದಂಗೆ ಬೆಳ್ಳಗಾಯಿತು. ಹಲಗೆ ನಿಂತಿತು.

"ಏಯ್ ಚಿಗವ್ವಾ, ತಲಿ ಕೆಟ್ಟೈತೇನು?" ಅಂತ ಚೀರಿ ಎದ್ದೆ. ಎದ್ದವನು ಕಾಲು ಎತ್ತಿದೆ. ಎತ್ತಿದ ಕಾಲು ಇಡಲು ಜಾಗ ಇಲ್ಲ! ಎಲ್ಲಿ ಇಟ್ಟರೂ ಮಂಡಕ್ಕಿ. ದುರುಗಪ್ಪ ಹಿಡಿದ ಕಿವಿ ಆಗಲೇ ಬಿಸಿಯಾಯಿತು. ಅಷ್ಟರಲ್ಲಿ ಮೈಲಪ್ಪನೂ ಎದ್ದು ಒಂಟಿಕಾಲಲ್ಲಿ ನಿಂತಿದ್ದ. ಬೀಳಬಾರದು ಅಂತ ಅವನು ನನ್ನ ಹೆಗಲು ಹಿಡಿದ, ನಾನು ಅವನ ಸೊಂಟ ಹಿಡಿದೆ. ಒಬ್ಬರನ್ನೊಬ್ಬರು ತಬ್ಬಿಕೊಂಡು ಇಬ್ಬರು ಪೈಲ್ವಾನರು ಕೊಕ್ಕರೆ ಹಂಗೆ ನಿಂತೆವು. ಮರದ ಮೇಲಿಂದ ಯಾವನೋ, "ಏ, ಬೀಗರು ರಾಜಿಯಾದ್ರು ನೋಡ್ರಲೇ!" ಅಂತ ಕೂಗಿದ. ಬಾತಿಯವರು ನಕ್ಕರು. ನಮ್ಮ ಎರಡೂ ಊರವರು ನಗಲಿಲ್ಲ.

ಮಲ್ಲೇಶಪ್ಪ ಬೆತ್ತ ಎತ್ತಿಕೊಂಡು ಬಂದ. ಹರಿಹರದ ಯಜಮಾನನೂ ಬಂದ, ದಪ್ಪನೆಯ ಮನುಷ್ಯ, ಏದುಸಿರು. ಇಬ್ಬರೂ ಕಣದ ಅಂಚಿಗೆ ಬಂದು ಕಾಲು ಹಿಂದಕ್ಕೆ ಎಳೆದುಕೊಂಡರು.

"ಗುಡಿಸ್ರಿ ಅದನ್ನ!" ಅಂದ ಮಲ್ಲೇಶಪ್ಪ.

"ಹೆಂಗೆ ಗುಡಿಸ್ತೀರಿ?" ಅಂತ ಅಜ್ಜಯ್ಯ ಮೇಲೆದ್ದ. "ಪೂಜಿ ಆದ ಕಣ. ಬಿದ್ದದ್ದು ಆಂಜನೇಯಂದು. ನಾನು ಪಂಚ ಆಗಿದ್ದು ಇವತ್ತಲ್ಲ. ಕುಸ್ತಿ ನಿಂತಿತು. ಕಣದ ಹತ್ರ ಇರೋರೆಲ್ಲ ಆರಿಸಿ ತಿನ್ರಿ. ಒಂದು ಕಾಳು ಉಳಿದ್ರೂ ಮುಂದೆ ಇಲ್ಲಿ ಯಾರೂ ಲಂಗೋಟಿ ಕಟ್ಟಂಗಿಲ್ಲ."

"ಹರಿಹರದೋರ ಜೊತಿ ತಿಂದೋನಿಗೆ ದಂಡ! ದೈವದ ಕಟ್ಟೈತೆ!"

ಆಗ ಕೊಟ್ರವ್ವ ಖಾಲಿ ಚೀಲ ಹೆಗಲ ಮೇಲೆ ಹಾಕಿಕೊಂಡು, ಸೊಂಟಕ್ಕೆ ಕೈ ಇಟ್ಟು ಹೇಳಿದಳು: "ಹಾಕ್ರಿ ಯಜಮಾನ್ರೇ, ದಂಡ ಹಾಕ್ರಿ. ತಿಂದೋರಿಗೆ ನಿಮ್ಮ ದಂಡ, ತಿನ್ನದಿದ್ದೋರಿಗೆ ಆಂಜನೇಯಂದು. ಯಾವುದು ಕಟ್ಟಕ್ಕೆ ಸುಲಭ ಅಂತ ಈ ಗಂಡಸರೇ ಲೆಕ್ಕ ಹಾಕ್ಲಿ."

ನನಗೆ ಕಾಲು ನೋಯುತ್ತಿತ್ತು. ಕುಸ್ತಿಗೆ ಇಳಿಯುವವರು ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕುವುದಿಲ್ಲ. ನನ್ನ ಹೊಟ್ಟೆ ಗುರ್ ಅಂದದ್ದು ಮೈಲಪ್ಪನ ಹೊಟ್ಟೆಗೆ ಕೇಳಿಸಿ ಅದೂ ಗುರ್ ಅಂತು. ಅವನು ನನ್ನ ಹೆಗಲ ಮೇಲೆ ಅಂಟಿದ್ದ ಒಂದು ಹಿಡಿ ಮಂಡಕ್ಕಿ ಬಳಿದು ಬಾಯಿಗೆ ಹಾಕಿಕೊಂಡ. ಎರಡು ಊರು ಅವನ ದವಡೆಯನ್ನೇ ನೋಡಿದವು.

"ಎಣ್ಣಿ ಐತೆ, ಅರಿಶಿನ ಐತೆ" ಅಂದ ಅಗಿಯುತ್ತಾ. "ಉಪ್ಪೂ ಸರಿ ಐತೆ."

"ಉಪ್ಪು ನನ್ನ ಬೆವರು" ಅಂದೆ.

"ಅದಕ್ಕೇ ಸ್ವಲ್ಪ ದಾವಣಗೆರಿ ನಾತ ಬಂತು."

ನಾನು ಬೈಯಲು ಬಾಯಿ ತೆಗೆದೆ. ತೆಗೆದ ಬಾಯಿಗೆ ಅವನು ಇನ್ನೊಂದು ಹಿಡಿ ತುರುಕಿದ. ನುಂಗದೆ ಏನು ಮಾಡಲಿ? ಪ್ರಸಾದ! ಗರಗರ ಅಂತ ಮಣ್ಣು ಹಲ್ಲಿಗೆ ಸಿಕ್ಕಿತು. ಆಗ ನಗು ಎಲ್ಲಿಂದ ಬಂತೋ, ಮೊದಲು ನಮ್ಮ ಗರಡಿಯ ಹುಡುಗರಿಂದಲೋ ಅವರ ಗರಡಿಯವರಿಂದಲೋ, ಒಡ್ಡು ಒಡೆದಂಗೆ ಬಂತು. ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಅಂಚಿನಿಂದ ಆರಿಸಿಕೊಂಡು ಒಳಗೆ ಬಂದರು. ಕೂತವರು, ಮಂಡಿಯೂರಿದವರು, ಹೊಟ್ಟೆ ಅಡ್ಡ ಬಂದು ಪಕ್ಕದವನ ಕೈಯಲ್ಲಿ ಎತ್ತಿಸಿಕೊಂಡವರು. ಹೊಳೆದಂಡೆಯಲ್ಲಿ ಯಾವನು ಯಾರ ತಲೆ ಒಡೆದಿದ್ದನೋ ಅವರೇ ಎದುರುಬದುರು ಕೂತು, "ಆ ಕಡಿ ಉಳೀತು ನೋಡೋ, ಕಣ್ಣು ಕಾಣಲ್ಲೇನು ನಿನಗೆ" ಅಂತ ಬೈದಾಡುತ್ತಾ ತಿಂದರು. ಹಲಗೆಯವರು ತಮ್ಮ ಪಾಲು ತಿಂದು ಮತ್ತೆ ಬಡಿಯಲು ಶುರು ಮಾಡಿದರು. ಕುಸ್ತಿ ಗೆದ್ದಾಗ ಬಡಿಯುವ ಗತ್ತು ಅದು! ಯಾರು ಗೆದ್ದರು ಅಂತ ಬಡಿದರೋ ಅವರಿಗೂ ಗೊತ್ತಿರಲಿಲ್ಲ.

ಉಳಿದವರು ಇಬ್ಬರು ಯಜಮಾನರು. ಕೊಟ್ರವ್ವ ಎರಡು ಅಂಗೈಯಲ್ಲಿ ಎರಡು ಹಿಡಿ ಹಿಡಿದು ಅವರ ಮುಂದೆ ನಿಂತಳು. "ನಿಮಗೆ ಬಗ್ಗಕ್ಕೆ ಆಗಲ್ಲ, ಸೊಂಟ ನೋವು. ನಾನೇ ತಂದೀನಿ. ತಗೊಳ್ರಿ." ಮಲ್ಲೇಶಪ್ಪ ಅವನ ಮುಖ ನೋಡಿದ, ಅವನು ಇವನ ಮುಖ ನೋಡಿದ. ಊರು ಅಷ್ಟೂ ತಿಂದಮೇಲೆ ದಂಡ ವಸೂಲಿ ಮಾಡುವವರು ಯಾರು? ಇಬ್ಬರೂ ಬಾಯಿಗೆ ಹಾಕಿಕೊಂಡರು. ಮೊದಲು ಯಾರು ಹಾಕಿಕೊಂಡರು ಅನ್ನೋದರ ಮೇಲೆ ಇವತ್ತಿಗೂ ವಾದ ಐತೆ. ನಾನು ನೋಡಿದ್ದೀನಿ, ಹರಿಹರದವನೇ ಮೊದಲು.

ಕೊಟ್ರವ್ವ ಅಳಿಯನ ಕಡೆ ತಿರುಗಿದಳು.

"ನನ್ನ ಕುಸ್ತಿ ಕೆಡಿಸಿದ್ಯಲ್ಲ ಅತ್ತೀ" ಅಂದ ಮೈಲಪ್ಪ, ಮೈ ಒರೆಸಿಕೊಳ್ಳುತ್ತಾ.

"ಕೆಡಿಸಿದೆ. ಈಗ ನನ್ನ ಮಗಳನ್ನ ಕಳಿಸು."

ಹರಿಹರದ ಯಜಮಾನನ ಮುಖ ಕೆಂಪಾಯಿತು. "ಇಷ್ಟಕ್ಕಾ? ಒಬ್ಬ ಮಗಳ ಸಲುವಾಗಿ ಎರಡೂರ ಮರ್ಯಾದಿ ಕಣದಾಗೆ ಸುರಿದ್ಯೇನವ್ವ?"

"ಹ್ಞೂಂ ರೀ, ಇಷ್ಟಕ್ಕೇ. ಹೋದ ವರ್ಷ ನನ್ನ ಮೊಮ್ಮಗು ಹೋಯ್ತಲ್ಲ, ಅದಕ್ಕೆ ಯಾವೂರ ಮರ್ಯಾದಿ ಬಂದು ಹಾಲು ಕುಡಿಸ್ತು ರೀ?" ದನಿ ಅಲ್ಲಿಯೇ ಒಡೆಯಿತು. ಆಕೆಯ ದನಿ ಒಡೆದದ್ದು ನಾನು ಕೇಳಿದ್ದು ಅದೊಂದೇ ಸಲ. ತಕ್ಷಣ ಮೂಗು ಒರೆಸಿಕೊಂಡು, "ಬಂಡಿ ಯಾರದೈತ್ರೋ?" ಅಂತ ಕೂಗಿದಳು.

ಮೈಲಪ್ಪ ಯಾರ ಮುಖವನ್ನೂ ನೋಡಲಿಲ್ಲ. ಅಂಗಿ ಹೆಗಲಿಗೆ ಹಾಕಿಕೊಂಡು, "ನಡಿ ಅತ್ತಿ" ಅಂದ. ಬಾತಿಯವನೊಬ್ಬ ಬಂಡಿ ಹೂಡಿದ. ನಾನೂ ಹತ್ತಿದೆ. ಯಾಕೆ ಹತ್ತಿದೆ ಅಂತ ಕೇಳಿದರೆ, ದಾರಿಯುದ್ದಕ್ಕೂ ಬಲಭುಜದ ಲೆಕ್ಕ ಮುಗಿಸಬೇಕಿತ್ತು. "ಮುಟ್ಟಿತ್ತು." "ಮುಟ್ಟಿರಲಿಲ್ಲ." "ಇನ್ನೊಂದು ಉಸಿರು." "ನನ್ನ ಉಸಿರು ನಿನಗೆ ಹೆಂಗೆ ಗೊತ್ತಲೇ?" ಕೊಟ್ರವ್ವ ನಮ್ಮಿಬ್ಬರ ನಡುವೆ ಕೂತು ಖಾಲಿ ಚೀಲವನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು.

ಬಾಗಿಲು ತೆಗೆದ ಅಂಜಿನವ್ವನಿಗೆ ಕಂಡದ್ದು ಏನು? ಗಂಡ, ನಾನು, ಮೈಯೆಲ್ಲ ಕೆಮ್ಮಣ್ಣು, ಕೂದಲಲ್ಲಿ ಮಂಡಕ್ಕಿ, ಹಿಂದೆ ಅವ್ವ. ಹುಡುಗಿ ಬಾಗಿಲು ಹಿಡಿದುಕೊಂಡೇ, "ಅಣ್ಣಾ, ನೀನು ಗೆದ್ಯೋ, ಇವರು ಗೆದ್ರೋ?" ಅಂದಳು.

"ಮಂಡಕ್ಕಿ ಗೆದ್ದೈತೆ. 'ಏನು, ಎಂತು' ಆಮೇಲೆ ಕೇಳೀಯಂತೆ, ಸೀರಿ ಕಟ್ಕೋ, ನಡಿ" ಅಂದಳು ಕೊಟ್ರವ್ವ. ಅಂದು ಒಳಗೆ ಹೋಗಿ, ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡು, ಹೊರಗೆ ಬಂದು, ಓಣಿಯವರೆಲ್ಲ ನೋಡುವ ಹಾಗೆ ನಿಂತು, ಗಟಗಟ ಅಂತ ಅಷ್ಟನ್ನೂ ಕುಡಿದಳು.

ಅಂಜಿನವ್ವ ನಮ್ಮ ಓಣಿಯಲ್ಲಿ ಹೆತ್ತಳು. ಹೆಣ್ಣು ಕೂಸು. ಗೋಡೆ ಒಂದೇ ಅಲ್ಲವೇ, ಮೂರು ತಿಂಗಳು ಅದು ನನಗೆ ನಿದ್ದೆ ಕೊಡಲಿಲ್ಲ. ಅಜ್ಜಿಯದೇ ದನಿ! ಅಮಾವಾಸ್ಯೆಗೆ ದೈವ ಕೂತಾಗ ದಂಡದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದವನು ಮೊದಲು ತನ್ನ ದಂಡ ಕಟ್ಟಬೇಕಿತ್ತಲ್ಲ. ಕಟ್ಟು ಹೋಯಿತು ಅಂತ ಯಾರೂ ಸಾರಲೂ ಇಲ್ಲ. ಹರಿಹರದವರು ತೊಟ್ಟಿಲಿಗೆ ಬಂದರು, ಉಂಡರು, ಎಲೆ ಎತ್ತಿದರು, ಹೋದರು. ಆ ಬೇಸಿಗೆಗೆ ಅತ್ತ ಸಿಕ್ಕಿಬಿದ್ದಿದ್ದ ಹೆಣ್ಣುಮಕ್ಕಳೆಲ್ಲ ಒಂದೇ ಸಲ ತವರಿಗೆ ಬಂದು, ಓಣಿ ತುಂಬ ಅವರ ಮಕ್ಕಳು ಓಡಾಡಿ, ನಮ್ಮ ಗರಡಿಯ ಹುಡುಗರಿಗೆ ಮಲಗಲು ಜಗುಲಿ ಸಿಗಲಿಲ್ಲ. ಮುಂದಿನ ವರ್ಷ ಮೈಲಪ್ಪನ ತಂಗಿ ಗುರುಶಾಂತಮ್ಮನನ್ನು ನನಗೆ ತಂದರು. ಮಾತಿನಲ್ಲಿ ಅಣ್ಣನನ್ನು ಮೀರಿಸಿದವಳು. ಮಾತುಕತೆ ಆಡಿದವಳೂ ಕೊಟ್ರವ್ವನೇ. "ಹುಡುಗ ಸಿಟ್ಟಿನವನು, ಕೆಲಸದವನು, ತಿನ್ನೋದು ಜಾಸ್ತಿ" ಅಂತ ಎಲ್ಲರ ಎದುರಿಗೆ ಹೇಳಿಯೇ ಒಪ್ಪಿಸಿದಳು.

ಜಗಳ ಆಮೇಲೆ ಆಗಲಿಲ್ಲ ಅಂತಲ್ಲ. ಆ ಚೀಲದ್ದೇ ಆಯಿತು. ಆಕೆ ಅವತ್ತು ಬೆಳಿಗ್ಗೆ ಆ ಮಂಡಕ್ಕಿ ತಂದದ್ದು ಮಕ್ತುಮ್ ಸಾಬನ ಭಟ್ಟಿಯಿಂದ, ಮಾರಿ ಕೊಡ್ತೀನಿ ಅಂತ. ಬಾತಿಯಿಂದ ಬಂದು ದುಡ್ಡು ಕೊಡಲು ಹೋದರೆ ಅವನು, "ಪ್ರಸಾದಕ್ಕೆ ನಾನು ದಾಮು ತಗೊಂಡ್ರೆ ನನ್ನ ಭಟ್ಟಿ ಉರಿಯುತ್ತಾ?" ಅಂದ. ಮಲ್ಲೇಶಪ್ಪ, ದಾವಣಗೆರೆ ದೈವ ಕೊಡ್ತದೆ ಅಂದ. ಹರಿಹರದ ಯಜಮಾನನಿಗೆ ಅದು ಗೊತ್ತಾಯಿತು, ಅವನು ಮರುದಿನವೇ ಬಸ್ಸಿನಲ್ಲಿ ಬಂದು ನಾವೇ ಕೊಡ್ತೀವಿ ಅಂದ. ಯಾರು ಕೊಟ್ಟರೆ ಅವರದು ಪ್ರಸಾದ, ತಿಂದವರು ಅವರ ಹಂಗಿನವರು ಅನ್ನೋ ಲೆಕ್ಕ! ಮಿಲ್ಲಿನ ಗೇಟಿನ ಎದುರಿಗೆ ಇಬ್ಬರೂ ಕೈಯಲ್ಲಿ ದುಡ್ಡು ಹಿಡಿದು ಕೂಗಾಡಿದರು. ಕೊಟ್ರವ್ವ ಸೌಟು ಎತ್ತಿ, "ಇಬ್ರುದೂ ಬ್ಯಾಡ. ಒಬ್ರುದು ಇಸ್ಕೊಂಡ್ರೆ ನಾಳಿ ಮತ್ತೆ ಹೊಳಿದಂಡಿಗೆ ಹೊಕ್ಕೀರಿ ನೀವು. ಎಣ್ಣಿ ಕಾದೈತೆ, ದೂರ ನಿಂದ್ರಿ" ಅಂದಳು.

ಅರವತ್ತಾರರ ಚಳಿಗಾಲದಲ್ಲಿ ಆಕೆಗೆ ಜ್ವರ ಬಂತು, ಹಾಸಿಗೆ ಹಿಡಿದಳು, ಎದ್ದೇಳಲಿಲ್ಲ. ಹೆಗಲು ಕೊಡಲು ಎರಡೂರಿನವರು ನೂಕಾಡಿದರು. ದಿನ ಕರ್ಮ ಮುಗಿದ ಮೇಲೆ ನಾನು ಯಾರಿಗೂ ಹೇಳದೆ ಮಕ್ತುಮ್ ಸಾಬನ ಭಟ್ಟಿಗೆ ಹೋದೆ. ಸತ್ತವಳ ಹೆಸರಲ್ಲಿ ಬಾಕಿ ಇರಬಾರದು ಅಂತ. ಹೋಗಿ ನೋಡಿದರೆ ಮೈಲಪ್ಪ ಆಗಲೇ ಬಂದು ನಿಂತಿದ್ದಾನೆ, ಜೇಬಿಗೆ ಕೈ ಹಾಕಿಕೊಂಡು!

"ನೀನ್ಯಾಕ ಬಂದಿ?" ಅಂದೆ.

"ನೀನ್ಯಾಕ ಬಂದ್ಯೋ ಅದಕ್ಕೇ. ನಾನು ಅಳಿಯ, ನಾನು ಕೊಡ್ತೀನಿ."

"ನಾನು ಮಗ ಇದ್ದಂಗೆ, ನಾನು ಕೊಡ್ತೀನಿ. ಸರಿ ಆ ಕಡಿ."

ಅವನು ನನ್ನ ಕೈ ಹಿಡಿದ, ನಾನು ಅವನ ಕೊರಳಪಟ್ಟಿ ಹಿಡಿದೆ. ಮಕ್ತುಮ್ ಸಾಬ್ ಕಾದ ಮರಳಿನ ಬಾಣಲೆ ಬಿಟ್ಟು ಪೊರಕೆ ಎತ್ತಿಕೊಂಡು ಬಂದ. "ಬದುಕಿದ್ದಾಗ ಆ ಹೆಣ್ಣುಮಗಳು ಯಾರದೂ ಬ್ಯಾಡ ಅಂದ್ಲು. ಈಗ ಆಕಿ ಮಾತು ಮುರಿಯಕ್ಕೆ ಬಂದೀರೇನು? ಇಬ್ರೂ ನಡೀರಿ ಆಚೆ!" ಅಂತ ಬೀದಿಗೆ ಅಟ್ಟಿದ. ಅಟ್ಟಿದವನು ಎರಡು ಹೆಜ್ಜೆ ಬಂದು, ಇಬ್ಬರ ಕೈಗೂ ಒಂದೊಂದು ಪೊಟ್ಟಣ ಬಿಸಿ ಮಂಡಕ್ಕಿ ಕೊಟ್ಟ. ಅದಕ್ಕೂ ದುಡ್ಡು ಇಸಿದುಕೊಳ್ಳಲಿಲ್ಲ.

ಹೋದ ವರ್ಷ ಅವನು ಭಟ್ಟಿಯನ್ನು ಮಗ ಶಮೀಮ್‌ಗೆ ಒಪ್ಪಿಸಿದ. ಯಾರ ಯಾರ ಹತ್ತಿರ ಏನೇನು ಬರಬೇಕು ಅಂತ ಕೂರಿಸಿಕೊಂಡು ಹೇಳುವಾಗ ಬಾತಿಗೆ ಹೋದ ಆ ಒಂದು ಚೀಲವನ್ನೂ ಹೇಳಿದನಂತೆ. ದಾವಣಗೆರೆಯವರು ಬಂದರೂ ಇಸ್ಕೋಬ್ಯಾಡ, ಹರಿಹರದವರು ಬಂದರೂ ಇಸ್ಕೋಬ್ಯಾಡ ಅಂತ.